ಹಂಚು, ವಿಮಾನ, ಬೇವು: ಜರ್ಮನಿ ಮತ್ತು ಕನ್ನಡ ನಾಡಿನ ನಡುವೆ ತಂತ್ರಜ್ಞಾನದ ಹಾದಿ

ಕರಾವಳಿಯ ಹಳೆಯ ಮನೆಯೊಂದರ ಮಾಡಿನಿಂದ ಇಳಿಸಿದ ಹಂಚನ್ನು ಮಗುಚಿ ನೋಡಿದರೆ ಅದರ ಬೆನ್ನ ಮೇಲೆ ಬಾಸೆಲ್ ಮಿಷನ್ನಿನ ಹೆಸರೂ 1865 ಎಂಬ ಇಸವಿಯೂ ಉಬ್ಬಕ್ಷರಗಳಲ್ಲಿ ಕಾಣುವುದುಂಟು. ಆ ಹಂಚಿನ ಮಣ್ಣು ನೇತ್ರಾವತಿಯ ದಡದ್ದು. ಅದನ್ನು ಅಗೆದು, ನಾದಿ, ಒತ್ತಿ, ಸುಟ್ಟ ಕೈಗಳು ತುಳುನಾಡಿನವು. ಆದರೆ ಅದರ ಮೇಲೆ ಉಳಿದ ಹೆಸರು ಯುರೋಪಿನದು. ಹಿಂದುಳಿದವೆಂದು ಕರೆಯಲ್ಪಟ್ಟ ನಾಡುಗಳಿಗೆ ಮುಂದುವರಿದ ನಾಡುಗಳಿಂದ ತಂತ್ರಜ್ಞಾನವು ಸಾಗಿಬಂದ ಬಗೆಯನ್ನು ಅರಿಯಲು ಈ ಹಂಚಿಗಿಂತ ಸೂಕ್ತವಾದ ಆರಂಭ ದೊರೆಯಲಾರದು.

ತಂತ್ರಜ್ಞಾನ ವರ್ಗಾವಣೆ ಎಂಬ ಮಾತು ಬಳಕೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಪಶ್ಚಿಮ ಜರ್ಮನಿಯು ಅಭಿವೃದ್ಧಿ ಸಹಕಾರಕ್ಕೆಂದೇ ಪ್ರತ್ಯೇಕ ಸಚಿವಾಲಯವನ್ನು 1961ರಲ್ಲಿ ಸ್ಥಾಪಿಸಿತು. ಅದಕ್ಕೆ ಮೊದಲೇ ರೂರ್ಕೆಲಾದ ಉಕ್ಕಿನ ಕಾರ್ಖಾನೆಗೂ 1959ರಲ್ಲಿ ಆರಂಭವಾದ ಮದ್ರಾಸಿನ ಐಐಟಿಗೂ ಜರ್ಮನಿಯ ನೆರವು ಒದಗಿತ್ತು. ಈ ವಿಷಯದ ಚರ್ಚೆಯಲ್ಲಿ ಎರಡು ನಿಲುವುಗಳು ಮೇಲಿಂದ ಮೇಲೆ ಕೇಳಿಬರುತ್ತವೆ. ಒಂದು, ಪಡೆಯುವ ನಾಡು ಬರಿದಾದ ಪಾತ್ರೆ, ಕೊಡುವ ನಾಡು ಅದನ್ನು ತುಂಬುತ್ತದೆ ಎಂಬುದು. ಇನ್ನೊಂದು, ಹೊರಗಿನಿಂದ ಬಂದ ತಂತ್ರವೆಲ್ಲವೂ ಸ್ಥಳೀಯ ಅರಿವನ್ನು ಅಳಿಸುತ್ತದೆ ಎಂಬುದು. ಜರ್ಮನಿ ಮತ್ತು ಕನ್ನಡ ನಾಡಿನ ಸಂಬಂಧದಲ್ಲಿ ನಡೆದ ಮೂರು ಪ್ರಸಂಗಗಳು ಈ ಎರಡೂ ನಿಲುವುಗಳಿಗೆ ಒಗ್ಗುವುದಿಲ್ಲ. ಅವನ್ನು ಎರಡು ಪ್ರಶ್ನೆಗಳ ಬೆಳಕಿನಲ್ಲಿ ನೋಡಬಹುದು: ಕೊಟ್ಟವರು ಹೊರಟುಹೋದ ಮೇಲೂ ಆ ವಿದ್ಯೆ ನಾಡಿನಲ್ಲಿ ನಡೆಯಿತೇ? ಅದರಲ್ಲಿ ಬೆರೆತ ಸ್ಥಳೀಯ ಅರಿವು ಯಾರ ಹೆಸರಿನಲ್ಲಿ ದಾಖಲಾಯಿತು?

ಮಂಗಳೂರು ಹಂಚು

ಬಾಸೆಲ್ ಮಿಷನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾದ ಸಂಸ್ಥೆ. ಆದರೆ ಅದು ಹೊರನಾಡುಗಳಿಗೆ ಕಳುಹಿಸಿದವರಲ್ಲಿ ಬಹುಮಂದಿ ನೈರುತ್ಯ ಜರ್ಮನಿಯ ವ್ಯುರ್ಟೆಂಬೆರ್ಗ್ ಪ್ರದೇಶದ ರೈತರ ಮತ್ತು ಕಸುಬುದಾರರ ಮನೆಗಳಿಂದ ಬಂದವರು. ಸಂಸ್ಥೆಯ ಮೊದಲ ಮೂವರು ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ 1834ರಲ್ಲಿ ಮಂಗಳೂರಿಗೆ ಬಂದಿಳಿದರು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದ ಹೆರ್ಮನ್ ಮೋಗ್ಲಿಂಗ್, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಫೆರ್ಡಿನಾಂಡ್ ಕಿಟೆಲ್ ಇದೇ ಸಂಸ್ಥೆಯವರೆಂಬುದು ಕನ್ನಡಿಗರಿಗೆ ತಿಳಿದ ಸಂಗತಿ. ಸಂಸ್ಥೆಯ ಕೈಗಾರಿಕೆಗಳ ಕಥೆ ಅಷ್ಟಾಗಿ ತಿಳಿದುದಲ್ಲ.

ಕೈಗಾರಿಕೆಯ ಅಗತ್ಯ ಹುಟ್ಟಿದ್ದು ಒಂದು ಸಾಮಾಜಿಕ ಬಿಕ್ಕಟ್ಟಿನಿಂದ. ಕ್ರೈಸ್ತ ಮತವನ್ನು ಸ್ವೀಕರಿಸಿದವರು ತಮ್ಮ ಜಾತಿಯ ಆಶ್ರಯವನ್ನೂ, ಹಲವು ವೇಳೆ ಗೇಣಿಯ ಭೂಮಿಯನ್ನೂ ಕಳೆದುಕೊಳ್ಳುತ್ತಿದ್ದರು. ಬಿಲ್ಲವರಂತಹ ಸಮುದಾಯದಿಂದ ಬಂದವರು ಶೇಂದಿ ಇಳಿಸುವ ಕುಲವೃತ್ತಿಯನ್ನು ಮುಂದುವರಿಸುವುದು ಮಿಷನ್ನಿಗೆ ಒಪ್ಪಿಗೆಯಾಗಿರಲಿಲ್ಲ. ಹಾಗಾಗಿ ಅವರಿಗೆ ಬೇರೆ ಜೀವನೋಪಾಯವನ್ನು ಕಲ್ಪಿಸುವ ಹೊಣೆ ಮಿಷನ್ನಿನ ಮೇಲೆ ಬಿತ್ತು. ಮೊದಲ ಪ್ರಯತ್ನಗಳಲ್ಲಿ ಹಲವು ಕೈಗೂಡಲಿಲ್ಲ. ಗಡಿಯಾರ ತಯಾರಿಕೆ ಅವುಗಳಲ್ಲೊಂದು. ಯುರೋಪಿನಲ್ಲಿ ಮನೆಮನೆಯ ಕಸುಬಾಗಿದ್ದ ಈ ಕೆಲಸಕ್ಕೆ ಬೇಕಾದ ಕಚ್ಚಾ ವಸ್ತುವಾಗಲಿ, ಬಿಡಿಭಾಗವಾಗಲಿ, ಕೊಳ್ಳುವವರಾಗಲಿ ಮಂಗಳೂರಿನ ಸುತ್ತ ಇರಲಿಲ್ಲ. ನೆಲೆನಿಂತದ್ದು ನೇಯ್ಗೆ. ಅದಕ್ಕೆ ನಾಡಿನಲ್ಲಿ ನೂಲಿತ್ತು, ಬಣ್ಣವಿತ್ತು, ಮಗ್ಗದ ರೂಢಿಯಿತ್ತು. 1851ರಲ್ಲಿ ಬಂದ, ನೇಯ್ಗೆಯಲ್ಲಿ ತರಬೇತಿ ಪಡೆದಿದ್ದ ಹಾಲರ್ ಅವರು ತಂದದ್ದು ಸುಧಾರಿತ ಮಗ್ಗವನ್ನು. ನೇಯುವ ವಿದ್ಯೆಯೇ ನಾಡಿಗೆ ಹೊಸದಾಗಿರಲಿಲ್ಲ.

ಹಂಚಿನ ಕಥೆಯೂ ಇದೇ ಬಗೆಯದು. ಗಿಯೋರ್ಗ್ ಪ್ಲೆಬ್ಸ್ಟ್ ಮಿಷನ್ನಿನ ಮುದ್ರಣಾಲಯದ ಕೆಲಸಕ್ಕೆಂದು ಮಂಗಳೂರಿಗೆ ಬಂದಿದ್ದ ಯಂತ್ರಕುಶಲಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆ ತೀರದಲ್ಲಿ ಬಹುಪಾಲು ಮನೆಗಳಿಗೆ ಮುಳಿಹುಲ್ಲಿನ ಅಥವಾ ತೆಂಗಿನ ಗರಿಯ ಹೊದಿಕೆಯಿತ್ತು. ಉಳ್ಳವರ ಮನೆ ಮತ್ತು ದೇವಾಲಯಗಳಿಗೆ ಕುಂಬಾರರು ತಿಗರಿಯ ಮೇಲೆ ಮಾಡಿದ ಅರೆಗೊಳವೆಯ ನಾಡಹಂಚು ಇತ್ತು. ನಾಡಹಂಚು ಒಂದರ ಮೇಲೊಂದು ಪದರವಾಗಿ ಕೂರುತ್ತದೆ; ಆದುದರಿಂದ ಮಾಡಿನ ತೂಕ ಹೆಚ್ಚು, ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಮರುಹೊದಿಕೆಯೂ ಬೇಕು. ಯುರೋಪಿನಲ್ಲಿ ಈ ತೊಡಕಿಗೆ ಪರಿಹಾರ ಅದಾಗಲೇ ದೊರೆತಿತ್ತು. ಬಾಸೆಲಿನಿಂದ ಸುಮಾರು 30 ಕಿಲೋಮೀಟರ್ ದೂರದ, ಆಲ್ಸಾಸ್ ಪ್ರದೇಶದ ಆಲ್ಟ್‌ಕಿರ್ಷ್ ಎಂಬ ಊರಿನ ಗಿಲಾರ್ಡೋನಿ ಸಹೋದರರು, ಅಂಚಿನ ತೋಡುಗಳಿಂದ ಒಂದಕ್ಕೊಂದು ಕಚ್ಚಿಕೊಳ್ಳುವ ಚಪ್ಪಟೆ ಹಂಚಿಗೆ 1841ರಲ್ಲಿ ಪೇಟೆಂಟ್ ಪಡೆದಿದ್ದರು. ಮಂಗಳೂರು ಹಂಚು ಆ ಕುಲಕ್ಕೆ ಸೇರಿದುದು. ಹಂಚಿನ ತೋಡು ನೀರನ್ನು ಕೆಳಗಿನ ಹಂಚಿಗೆ ಸಾಗಿಸುತ್ತದೆ. ಹಿಂಬದಿಯ ಗುಬ್ಬಿ ರೀಪಿಗೆ ಸಿಕ್ಕಿಕೊಳ್ಳುತ್ತದೆ. ಎರಡರಿಂದ ಮೂರು ಕಿಲೋ ತೂಗುವ ಒಂದು ಹಂಚು ಹಲವು ನಾಡಹಂಚುಗಳ ಕೆಲಸ ಮಾಡುವುದರಿಂದ ಪಕ್ಕಾಸುಗಳ ಮೇಲಿನ ಭಾರ ಇಳಿಯುತ್ತದೆ.

1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭವಾಯಿತು. ಹೊರಗಿನಿಂದ ಬಂದದ್ದು ಹಂಚಿನ ವಿನ್ಯಾಸ, ಅಚ್ಚು, ಒತ್ತುಯಂತ್ರ ಮತ್ತು ಕೆಲಸವನ್ನು ಹಂತಹಂತವಾಗಿ ಹಂಚಿಕೊಡುವ ಕ್ರಮ. ಒಳಗೆ ಇದ್ದದ್ದು ಮಣ್ಣು ಮತ್ತು ಮಣ್ಣಿನ ಅರಿವು. ಎಲ್ಲ ಜೇಡಿಮಣ್ಣೂ ಹಂಚಾಗುವುದಿಲ್ಲ. ಜಿಗುಟು ಹೆಚ್ಚಾದರೆ ಒಣಗುವಾಗ ಬಾಗುತ್ತದೆ, ಮರಳು ಹೆಚ್ಚಾದರೆ ನೀರು ಜಿನುಗುತ್ತದೆ. ಯಾವ ಗದ್ದೆಯ ಅಡಿಯ ಮಣ್ಣು ಯಾವುದರೊಡನೆ ಬೆರೆತರೆ ಹದವಾಗುತ್ತದೆ, ಅಗೆದ ಮಣ್ಣನ್ನು ಎಷ್ಟು ಕಾಲ ಕೊಳೆಯಲು ಬಿಡಬೇಕು, ತೇವದ ಗಾಳಿಯಲ್ಲಿ ಹಸಿ ಹಂಚನ್ನು ನೆರಳಿನಲ್ಲಿ ಎಷ್ಟು ದಿನ ಇಡಬೇಕು ಎಂಬ ಪ್ರಶ್ನೆಗಳಿಗೆ ಆಲ್ಸಾಸಿನ ಅನುಭವ ಪೂರ್ಣ ಉತ್ತರ ಕೊಡಲಾರದು. ಆ ದಡದ ಮಣ್ಣಿನಲ್ಲಿ ತಲೆಮಾರುಗಳಿಂದ ಮಡಕೆ, ಹಂಚು ಮಾಡಿ ಆವಿಗೆಯಲ್ಲಿ ಸುಟ್ಟವರ ರೂಢಿ ಅದಕ್ಕೆ ಉತ್ತರಗಳನ್ನು ಇಟ್ಟುಕೊಂಡಿತ್ತು. ಇದರ ಜೊತೆಗೆ ಮಣ್ಣನ್ನೂ ಸೌದೆಯನ್ನೂ ತರುವ, ಸಿದ್ಧ ಹಂಚನ್ನು ಬಂದರಿಗೆ ಒಯ್ಯುವ ದೋಣಿಗಳಿಗೆ ನದಿಯೇ ಹೆದ್ದಾರಿಯಾಗಿತ್ತು.

ವಿದ್ಯೆ ಬೇಗನೆ ಕೈದಾಟಿತು. ಮಿಷನ್ನಿನ ಕಾರ್ಖಾನೆ ಆರಂಭವಾದ ಮೂರೇ ವರ್ಷಕ್ಕೆ, 1868ರಲ್ಲಿ, ಪಾಸ್ಕಲ್ ಜೆರಾರ್ಡ್ ಆಲ್ಬುಕರ್ಕ್ ಸ್ಥಳೀಯ ಒಡೆತನದ ಹಂಚಿನ ಕಾರ್ಖಾನೆಯನ್ನು ಕಟ್ಟಿದರು. ಆ ಬಳಿಕ ನೇತ್ರಾವತಿ ಮತ್ತು ಗುರುಪುರ ಹೊಳೆಗಳ ದಡದಲ್ಲಿ ಒಂದರ ಹಿಂದೊಂದು ಹೊಗೆಕೊಳವೆಗಳು ಎದ್ದವು. ಮಿಷನ್ ಕೂಡ ಕುದ್ರೋಳಿ, ಮಲ್ಪೆ, ಕಲ್ಲಿಕೋಟೆ ಮುಂತಾದೆಡೆ ಕಾರ್ಖಾನೆಗಳನ್ನು ತೆರೆಯಿತು. ಹಂಚು ಸಿಂಹಳಕ್ಕೂ ಪೂರ್ವ ಆಫ್ರಿಕದ ಬಂದರುಗಳಿಗೂ ಹಡಗೇರಿತು.

ಈ ವರ್ಗಾವಣೆಯ ನಿಜವಾದ ಪರೀಕ್ಷೆ 1914ರಲ್ಲಿ ಬಂತು. ಮೊದಲ ಮಹಾಯುದ್ಧ ಆರಂಭವಾದೊಡನೆ ಬ್ರಿಟಿಷ್ ಭಾರತದಲ್ಲಿದ್ದ ಜರ್ಮನರು ಶತ್ರುದೇಶದವರೆನಿಸಿ ಬಂಧನಕ್ಕೊಳಗಾದರು, ಇಲ್ಲವೇ ದೇಶ ಬಿಡಬೇಕಾಯಿತು. ಮಿಷನ್ನಿನ ಕೈಗಾರಿಕೆಗಳು ಸರ್ಕಾರದ ವಶವಾಗಿ, 1919ರಲ್ಲಿ ಸ್ಥಾಪಿತವಾದ ಕಾಮನ್‌ವೆಲ್ತ್ ಟ್ರಸ್ಟ್ ಸಂಸ್ಥೆಗೆ ಸೇರಿದವು. ತಂದವರು ಹೋದರು, ಹಂಚಿನ ಉದ್ಯಮ ಮುಂದುವರಿಯಿತು. ಅಷ್ಟು ಹೊತ್ತಿಗೆ ಅದನ್ನು ನಡೆಸಬಲ್ಲವರು, ಯಂತ್ರವನ್ನು ದುರಸ್ತಿ ಮಾಡಬಲ್ಲವರು, ಬಂಡವಾಳ ಹೂಡಬಲ್ಲವರು, ಮಾರುಕಟ್ಟೆಯನ್ನು ಬಲ್ಲವರು ಎಲ್ಲರೂ ಊರಿನವರೇ ಆಗಿದ್ದರು.

ಲಾಭದ ಜೊತೆಗೆ ನಷ್ಟದ ಲೆಕ್ಕವೂ ಇದೆ. ತಿಗರಿಯ ನಾಡಹಂಚಿನ ಬೇಡಿಕೆ ಕುಸಿದು ಕುಂಬಾರರ ಆದಾಯದ ಒಂದು ದಾರಿ ಮುಚ್ಚಿತು. ಗೂಡುಗಳ ಬೆಂಕಿಗೆ ಕಾಡಿನ ಸೌದೆ ಹೋಯಿತು, ಮಣ್ಣು ತೆಗೆದ ಗದ್ದೆಗಳು ಹೊಂಡಗಳಾದವು. ಹಂಚಿನ ಬೆನ್ನ ಮೇಲೆ ಸಂಸ್ಥೆಯ ಹೆಸರು ಬಂತು, ಇತಿಹಾಸದಲ್ಲಿ ಪ್ಲೆಬ್ಸ್ಟ್ ಹೆಸರು ಉಳಿಯಿತು. ಮಣ್ಣಿನ ಹದವನ್ನು ಬಲ್ಲವರ ಹೆಸರು ಈ ಕಥೆಯಲ್ಲಿ ಯಾರ ನಾಲಿಗೆಯ ಮೇಲೂ ಇಲ್ಲ.

ಬೆಂಗಳೂರಿನ ಜೆಟ್ ವಿಮಾನ

ಹಂಚಿನ ಕಾರ್ಖಾನೆಗೆ ಸುಮಾರು ತೊಂಬತ್ತು ವರ್ಷ ತುಂಬುವ ಹೊತ್ತಿಗೆ ಜರ್ಮನಿಯ ಇನ್ನೊಂದು ಬಗೆಯ ವಿದ್ಯೆ ಬೆಂಗಳೂರಿಗೆ ಬಂತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫೋಕೆ-ವುಲ್ಫ್ ಕಂಪನಿಯ ಮುಖ್ಯ ವಿನ್ಯಾಸಕರಾಗಿದ್ದ ಕುರ್ಟ್ ಟಾಂಕ್, ಸೋತ ಜರ್ಮನಿಯಲ್ಲಿ ವಿಮಾನ ನಿರ್ಮಾಣಕ್ಕೆ ನಿಷೇಧವಿದ್ದ ಕಾರಣ ಮೊದಲು ಅರ್ಜೆಂಟೀನಾಗೆ ಹೋಗಿ, 1956ರಲ್ಲಿ ತಮ್ಮ ಸಂಗಡಿಗರೊಡನೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಗೆ ಬಂದರು. ಭಾರತಕ್ಕಾಗಿ ಶಬ್ದವೇಗವನ್ನು ಮೀರುವ ಯುದ್ಧವಿಮಾನವೊಂದನ್ನು ರೂಪಿಸುವುದು ಅವರ ಕೆಲಸ.

ಇಲ್ಲಿಯೂ ಪಾತ್ರೆ ಬರಿದಾಗಿರಲಿಲ್ಲ. ಗಟ್ಟಿಂಗನ್ ವಿಶ್ವವಿದ್ಯಾಲಯದಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದಿದ್ದ ವಿ. ಎಂ. ಘಾಟಗೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ಆರಂಭವಾದ ವಿಮಾನಶಾಸ್ತ್ರ ವಿಭಾಗದ ಮೊದಲ ಅಧ್ಯಾಪಕರಲ್ಲೊಬ್ಬರು. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲೇ ಹಾರಿತ್ತು. ಇಂತಹ ತಳಹದಿಯಿದ್ದುದರಿಂದಲೇ ಟಾಂಕ್ ಅವರ ತಂಡದೊಡನೆ ಕೆಲಸ ಮಾಡಿ ಕಲಿಯಬಲ್ಲ ಯುವ ಎಂಜಿನಿಯರುಗಳು ದೊರೆತರು. ಎಚ್‌ಎಫ್-24 ಮಾರುತ್ ವಿಮಾನ 1961ರ ಜೂನ್ 17ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿತು. ಅದನ್ನು ಹಾರಿಸಿದವರು ಸುರಂಜನ್ ದಾಸ್.

ವಿಮಾನದ ಒಡಲು ಸಿದ್ಧವಾಯಿತು, ಉಸಿರು ಮಾತ್ರ ಬೇರೆಯವರ ಕೈಯಲ್ಲಿತ್ತು. ವಿನ್ಯಾಸವನ್ನು ಮಾಡಿದ್ದು ಬ್ರಿಟನ್ನಿನಲ್ಲಿ ಸಿದ್ಧವಾಗಬೇಕಿದ್ದ ಹೆಚ್ಚು ಬಲದ ಆರ್ಫಿಯಸ್ ಎಂಜಿನ್ನನ್ನು ನಂಬಿ. ಆ ಎಂಜಿನ್ನಿನ ಅಭಿವೃದ್ಧಿಯನ್ನೇ ಕೈಬಿಡಲಾಯಿತು. ಮಾರುತ್ ವಿಮಾನಕ್ಕೆ ಕಡಿಮೆ ಬಲದ ಆರ್ಫಿಯಸ್ 703 ಎಂಜಿನ್ನೇ ಗತಿಯಾಯಿತು. ಶಬ್ದದ ಇಮ್ಮಡಿ ವೇಗಕ್ಕೆಂದು ಯೋಚಿಸಿದ ವಿಮಾನ ಶಬ್ದವೇಗದ ಆಸುಪಾಸಿನಲ್ಲೇ ನಿಂತಿತು. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಎಂಜಿನ್ನನ್ನು ಪರೀಕ್ಷಿಸಲಾಯಿತು, ಅದೂ ನಿಂತುಹೋಯಿತು. ಬೆಂಗಳೂರಿನಲ್ಲೇ ಆರ್ಫಿಯಸ್ ಎಂಜಿನ್ನಿನ ಬಲ ಹೆಚ್ಚಿಸುವ ಪ್ರಯತ್ನ ನಡೆದು, ಅಂತಹ ವಿಮಾನವೊಂದರ ಅಪಘಾತದಲ್ಲಿ ಸುರಂಜನ್ ದಾಸ್ 1970ರ ಜನವರಿಯಲ್ಲಿ ಮಡಿದರು. ಒಟ್ಟು 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಅವು ದುಡಿದವು, 1990ರ ಹೊತ್ತಿಗೆ ನಿವೃತ್ತಿಯಾದವು.

ಹಂಚಿಗೂ ಮಾರುತ್‌ಗೂ ಇರುವ ವ್ಯತ್ಯಾಸ ಸರಳತೆ, ಸಂಕೀರ್ಣತೆಗಳದ್ದು ಮಾತ್ರವಲ್ಲ. ಹಂಚಿನ ವಿದ್ಯೆಯ ಗರ್ಭದಲ್ಲಿದ್ದ ವಸ್ತು, ಎಂದರೆ ಮಣ್ಣು ಮತ್ತು ಅದರ ಹದ, ಪಡೆದವರ ಬಳಿಯೇ ಇತ್ತು. ವಿಮಾನದ ವಿದ್ಯೆಯ ಗರ್ಭದಲ್ಲಿದ್ದ ಎಂಜಿನ್ ಕೊಟ್ಟವರ ಬಳಿಯೂ ಇರಲಿಲ್ಲ. ಅದು ಮೂರನೆಯವರ ನಿರ್ಧಾರಕ್ಕೆ ಒಳಪಟ್ಟಿತ್ತು. ಹಾಗೆಂದು ಆ ಶ್ರಮ ವ್ಯರ್ಥವಾಯಿತೆನ್ನಲಾಗದು. ವಿಮಾನದ ಒಡಲನ್ನು ರೂಪಿಸಿ, ಪರೀಕ್ಷಿಸಿ, ತಯಾರಿಸುವ ಅನುಭವ ಬೆಂಗಳೂರಿನಲ್ಲಿ ಉಳಿಯಿತು. 2001ರ ಜನವರಿ 4ರಂದು ಹಾರಿದ ತೇಜಸ್ ವಿಮಾನವೂ ಬೆಂಗಳೂರಿನದೇ. ಅದರ ಎಂಜಿನ್ ಇಂದಿಗೂ ಅಮೆರಿಕದ್ದು.

ಮ್ಯೂನಿಕ್‌ನಲ್ಲಿ ಬೇವು

ಮೂರನೆಯ ಪ್ರಸಂಗದಲ್ಲಿ ಪಯಣದ ದಿಕ್ಕು ಬದಲಾಗುತ್ತದೆ. ಬೇವಿನ ಎಲೆಯನ್ನು ಕಣಜದ ಕಾಳಿನ ನಡುವೆ ಹಾಕುವುದು, ಹಿಂಡಿಯನ್ನು ಹೊಲಕ್ಕೆ ಎರಚುವುದು, ಎಣ್ಣೆಯನ್ನು ಚರ್ಮರೋಗಕ್ಕೆ ಹಚ್ಚುವುದು ಬಯಲುಸೀಮೆಯ ರೈತ ಮನೆಗಳ ನಿತ್ಯದ ರೂಢಿ. ಈ ಮರದ ಕುರಿತ ಆಧುನಿಕ ವಿಜ್ಞಾನದಲ್ಲಿ ಜರ್ಮನಿಯ ಪಾಲು ದೊಡ್ಡದು. ಬೇವಿನಿಂದ ನಿಂಬಿನ್ ಮುಂತಾದ ರಾಸಾಯನಿಕಗಳನ್ನು 1942ರಲ್ಲಿ ಬೇರ್ಪಡಿಸಿದ ಸಲೀಮುಝ್ಝಮಾನ್ ಸಿದ್ದೀಕಿ ಫ್ರಾಂಕ್‌ಫರ್ಟಿನಲ್ಲಿ ಓದಿದವರು. ಜರ್ಮನಿಯ ಕೀಟವಿಜ್ಞಾನಿ ಹೈನ್ರಿಷ್ ಶ್ಮುಟ್ಟರರ್ 1959ರಲ್ಲಿ ಸುಡಾನಿನಲ್ಲಿ, ಮಿಡತೆಗಳ ಹಿಂಡು ಹಸಿರನ್ನೆಲ್ಲ ತಿಂದುಹಾಕಿಯೂ ಬೇವಿನ ಮರವನ್ನು ಬಿಟ್ಟದ್ದನ್ನು ಕಂಡು ತಮ್ಮ ಸಂಶೋಧನೆಯನ್ನು ತೊಡಗಿದರು. 1962ರಲ್ಲಿ ದೆಹಲಿಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಬೇವಿನ ಬೀಜದ ದ್ರಾವಣವು ಮಿಡತೆಗಳಿಂದ ಬೆಳೆಯನ್ನು ಕಾಯಬಲ್ಲದೆಂದು ತೋರಿಸಿದರು. ಬೇವಿನ ಬಗೆಗಿನ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು 1980ರಲ್ಲಿ, ಬವೇರಿಯಾದ ರೊಟ್ಟಾಖ್-ಏಗರ್ನ್ ಎಂಬ ಊರಿನಲ್ಲಿ.

ಸಂಶೋಧನೆಯ ಹಿಂದೆ ವ್ಯಾಪಾರವೂ ಬಂತು. ಅಮೆರಿಕದ ಡಬ್ಲ್ಯೂ. ಆರ್. ಗ್ರೇಸ್ ಕಂಪನಿ ಬೇವಿನ ಕೀಟನಾಶಕದ ಪೇಟೆಂಟುಗಳನ್ನು ಕೊಂಡು, ಭಾರತೀಯ ಪಾಲುದಾರರೊಡನೆ ತುಮಕೂರಿನಲ್ಲಿ ಬೀಜ ಸಂಸ್ಕರಣೆಯ ಘಟಕ ತೆರೆಯಿತು. ಎಂ. ಡಿ. ನಂಜುಂಡಸ್ವಾಮಿ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘವು 1990ರ ದಶಕದ ಮೊದಲ ವರ್ಷಗಳಲ್ಲಿ ಬೀಜ ಮತ್ತು ಬೇವಿನ ಮೇಲಿನ ಪೇಟೆಂಟ್ ಹಕ್ಕುಗಳನ್ನು ಬೀದಿಗಿಳಿದು ವಿರೋಧಿಸಿತು. 1994ರಲ್ಲಿ ಮ್ಯೂನಿಕ್‌ನ ಯುರೋಪಿಯನ್ ಪೇಟೆಂಟ್ ಕಚೇರಿಯು, ಬೇವಿನ ಎಣ್ಣೆಯಿಂದ ಗಿಡಗಳ ಶಿಲೀಂಧ್ರರೋಗವನ್ನು ಹತೋಟಿಗೆ ತರುವ ವಿಧಾನಕ್ಕೆ ಗ್ರೇಸ್ ಕಂಪನಿ ಹಾಗೂ ಅಮೆರಿಕದ ಕೃಷಿ ಇಲಾಖೆಯ ಹೆಸರಿನಲ್ಲಿ ಪೇಟೆಂಟ್ ಕೊಟ್ಟಿತು. ವಂದನಾ ಶಿವ, ಯುರೋಪಿಯನ್ ಸಂಸತ್ತಿನ ಹಸಿರು ಪಕ್ಷದ ಸದಸ್ಯೆ ಮಾಗ್ಡಾ ಆಲ್‌ವೂಟ್ ಮತ್ತು ಸಾವಯವ ಕೃಷಿ ಚಳವಳಿಗಳ ಅಂತರರಾಷ್ಟ್ರೀಯ ಒಕ್ಕೂಟ ಇದರ ವಿರುದ್ಧ 1995ರಲ್ಲಿ ಆಕ್ಷೇಪ ಸಲ್ಲಿಸಿದರು. 2000ದ ಮೇ ತಿಂಗಳಲ್ಲಿ ವಿಚಾರಣೆ ನಡೆದು ಪೇಟೆಂಟ್ ರದ್ದಾಯಿತು. ಕಂಪನಿಯ ಮೇಲ್ಮನವಿಯೂ 2005ರ ಮಾರ್ಚ್ 8ರಂದು ವಜಾ ಆಯಿತು.

ಈ ಗೆಲುವನ್ನು ಸಾಂಪ್ರದಾಯಿಕ ಜ್ಞಾನದ ಗೆಲುವೆಂದು ಕೊಂಡಾಡುವುದುಂಟು. ಅದು ನಿಜವೇ, ಆದರೆ ಗೆದ್ದ ಬಗೆಯನ್ನು ಗಮನಿಸಬೇಕು. ವಿಚಾರಣೆಯಲ್ಲಿ ನಿರ್ಣಾಯಕವಾದದ್ದು ಬೇವು ನಮ್ಮಲ್ಲಿ ಸಾವಿರಾರು ವರ್ಷಗಳಿಂದ ಬಳಕೆಯಲ್ಲಿದೆ ಎಂಬ ಸಾಮಾನ್ಯ ಹೇಳಿಕೆಯಲ್ಲ. 1980ರ ದಶಕದ ನಡುವಿನಲ್ಲೇ ಅಂತಹುದೇ ಬೇವಿನ ಸಾರವನ್ನು ತಯಾರಿಸಿ ಮಹಾರಾಷ್ಟ್ರದ ಹೊಲಗಳಲ್ಲಿ ಪ್ರಯೋಗಿಸಿದ್ದ ಭಾರತೀಯ ಉದ್ಯಮಿಯೊಬ್ಬರ ಪ್ರತ್ಯಕ್ಷ ಸಾಕ್ಷ್ಯಕ್ಕೆ ಅಲ್ಲಿ ದೊಡ್ಡ ತೂಕ ಬಂತು. ದಿನಾಂಕ, ಸ್ಥಳ, ವಿಧಾನಗಳೊಡನೆ ಹೇಳಬಲ್ಲ ಬಳಕೆಗೆ ಮಾತ್ರ ಕಾನೂನಿನಲ್ಲಿ ಬೆಲೆ.

ಯುರೋಪಿನ ಕಾನೂನು ಇದಕ್ಕೆ ಎಡೆಕೊಟ್ಟಿತು ಎಂಬುದೂ ಮುಖ್ಯ. ಅಲ್ಲಿನ ನಿಯಮದಂತೆ, ಜಗತ್ತಿನ ಯಾವುದೇ ಮೂಲೆಯಲ್ಲಿ ಬರಹದಿಂದಾಗಲಿ, ಮಾತಿನಿಂದಾಗಲಿ, ಬಳಕೆಯಿಂದಾಗಲಿ ಸಾರ್ವಜನಿಕರಿಗೆ ಲಭ್ಯವಾಗಿದ್ದ ವಿಷಯವನ್ನು ಹೊಸದೆನ್ನಲಾಗದು. ಅಮೆರಿಕದಲ್ಲಿ ಆಗ ಜಾರಿಯಲ್ಲಿದ್ದ ನಿಯಮ ಬೇರೆ: ಹೊರದೇಶದ ಬಳಕೆ ಅಚ್ಚಾಗಿದ್ದರೆ ಅಥವಾ ಪೇಟೆಂಟ್ ಆಗಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ರೈತನ ಹೊಲದ ರೂಢಿ ಅಲ್ಲಿ ಸಾಕ್ಷ್ಯವೇ ಆಗುತ್ತಿರಲಿಲ್ಲ. ಅಮೆರಿಕವು ಈ ಭೇದವನ್ನು ತೆಗೆದುಹಾಕಿದ ತಿದ್ದುಪಡಿ ಜಾರಿಗೆ ಬಂದದ್ದು 2013ರಲ್ಲಿ.

ದಾಖಲೆಯ ಪ್ರಶ್ನೆ

ಭಾರತ ಇದರಿಂದ ಕಲಿತ ಪಾಠವೇ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ. 2001ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಆಯುರ್ವೇದ, ಯುನಾನಿ, ಸಿದ್ಧ ಪದ್ಧತಿಗಳ ಗ್ರಂಥಗಳ ವಿಷಯವನ್ನು ಇಂಗ್ಲಿಷ್, ಜರ್ಮನ್, ಫ್ರೆಂಚ್, ಜಪಾನೀ, ಸ್ಪ್ಯಾನಿಷ್ ಭಾಷೆಗಳಿಗೆ ತರಲಾಗಿದೆ. 2009ರ ಒಪ್ಪಂದದ ಮೂಲಕ ಯುರೋಪಿಯನ್ ಪೇಟೆಂಟ್ ಕಚೇರಿಯ ಪರೀಕ್ಷಕರು ಅದನ್ನು ನೋಡಬಲ್ಲರು. ಆದರೆ ಅದರ ಆಧಾರ ಗ್ರಂಥಸ್ಥ ಜ್ಞಾನ. ಮಣ್ಣಿನ ಹದ ಬಲ್ಲ ಕುಂಬಾರರ, ಬಿತ್ತನೆಯ ಕಾಳನ್ನು ಕಾಪಿಡುವ ರೈತ ಮಹಿಳೆಯರ, ನಾಟಿ ವೈದ್ಯರ ಬಾಯಿಮಾತಿನ ಅರಿವು ಬಹುಪಾಲು ಅದರ ಹೊರಗಿದೆ. 2002ರ ಜೀವವೈವಿಧ್ಯ ಕಾಯಿದೆಯು ಪಂಚಾಯಿತಿಗಳಲ್ಲಿ ಜನತಾ ಜೀವವೈವಿಧ್ಯ ದಾಖಲೆಗಳನ್ನು ಸಿದ್ಧಪಡಿಸಲು ಅವಕಾಶ ಮಾಡಿಕೊಟ್ಟಿದೆ. ಬಾಯಿಮಾತಿನ ಅರಿವು ಕನ್ನಡದಲ್ಲೇ, ಹೇಳಿದವರ ಹೆಸರಿನೊಡನೆ ದಾಖಲಾಗಬಲ್ಲ ಸ್ಥಳ ಅದು.

ಮೂರು ಪ್ರಸಂಗಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಮೊದಲ ಪ್ರಶ್ನೆಗೆ ಉತ್ತರ ಸ್ಪಷ್ಟವಾಗುತ್ತದೆ. ಹೊರಗಿನ ವಿದ್ಯೆ ನೆಲೆಗೊಳ್ಳುವುದು ಅದರ ತಿರುಳನ್ನು ಸ್ಥಳೀಯ ವಸ್ತುವೂ ಸ್ಥಳೀಯ ಅರಿವೂ ಹೊರಬಲ್ಲ ಕಡೆ. ಎರಡನೆಯ ಪ್ರಶ್ನೆಯ ಉತ್ತರ ಅಷ್ಟು ಹಿತವಾದುದಲ್ಲ. ವಿದ್ಯೆ ಗೆದ್ದ ಕಡೆಯಲ್ಲೂ ಸ್ಥಳೀಯ ಪಾಲು ಹೆಸರಿಲ್ಲದೆ ಉಳಿಯಿತು. ಅದೇ ಹೆಸರಿಲ್ಲದಿರುವಿಕೆ ಬೇವಿನ ವಿಷಯದಲ್ಲಿ ಹತ್ತು ವರ್ಷಗಳ ವ್ಯಾಜ್ಯಕ್ಕೆ ದಾರಿಮಾಡಿತು. ಬಾಷ್ ಕಂಪನಿಯು ಮೈಕೋ ಹೆಸರಿನಲ್ಲಿ 1951ರಲ್ಲಿ ಭಾರತದಲ್ಲಿ ನೆಲೆಯೂರಿದಂದಿನಿಂದ ಇಂದಿನವರೆಗೆ ಬೆಂಗಳೂರು ಮತ್ತು ಸ್ಟುಟ್‌ಗಾರ್ಟ್‌ಗಳ ನಡುವಿನ ಓಡಾಟ ಹೆಚ್ಚುತ್ತಲೇ ಬಂದಿದೆ. ಯಾರು ಏನನ್ನು ಕೊಟ್ಟರು ಎಂಬ ಲೆಕ್ಕ ಈಗಲೂ ನಡೆಯುತ್ತಿರುವುದೇ.

ಜರ್ಮನಿಯಲ್ಲಿಯೂ ಸ್ವಿಟ್ಜರ್ಲೆಂಡಿನಲ್ಲಿಯೂ ನೆಲೆಸಿರುವ ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಬಾಸೆಲ್ ಮಿಷನ್ನಿನ ಪತ್ರಗಳು, ವರದಿಗಳು, ಛಾಯಾಚಿತ್ರಗಳು ಬಾಸೆಲ್ ನಗರದ ಪತ್ರಾಗಾರದಲ್ಲಿವೆ. ಹಲವು ಚಿತ್ರಗಳನ್ನು ಅಂತರ್ಜಾಲದಲ್ಲಿಯೂ ನೋಡಬಹುದು. ಬಹುಪಾಲು ಬರಹ ಹಳೆಯ ಜರ್ಮನ್ ಕೈಬರಹದಲ್ಲಿದೆ. ಅದನ್ನು ಓದಬಲ್ಲ ಜರ್ಮನ್ ವಿದ್ವಾಂಸರಿಗೆ ತಿಗರಿ, ಆವಿಗೆ, ಮುಳಿಹುಲ್ಲುಗಳ ಲೋಕ ಅಪರಿಚಿತ. ಆ ಲೋಕವನ್ನು ಬಲ್ಲ ಕರಾವಳಿಯ ಇತಿಹಾಸಕಾರರಲ್ಲಿ ಹೆಚ್ಚಿನವರಿಗೆ ಆ ಲಿಪಿ ಅಪರಿಚಿತ. ಎರಡನ್ನೂ ಬಲ್ಲ ಓದುಗರು ಆ ಕಾಗದಗಳನ್ನು ತೆರೆದು, ಪ್ಲೆಬ್ಸ್ಟ್ ಅವರ ಪಕ್ಕದಲ್ಲಿ ನಿಂತು ಮಣ್ಣು ಹದಮಾಡಿದವರು ಯಾರೆಂದು ಹುಡುಕಬಹುದು.